ಪಾಲಾಕ್ಷರ ಕಂಪ್ಯೂಟರು

ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ ಚನ್ನರಾಯಪಟ್ಟಣದ ಪಾಲಾಕ್ಷ ಎಡಗೈಯಿಂದ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತಿದ್ದರು. ಅವರು ಬರೆದದ್ದನ್ನು ಅದು ಓದಿ ಹೇಳುತ್ತಿತ್ತು. ಅದರ ಹಾರ್ಡ್ ಡಿಸ್ಕ್ ಕೆಟ್ಟಾಗ ಅವರ ಮಾತು ಮತ್ತೆ ನಿಂತಿತು.

ಭಾನುವಾರ ಅವರ ಹೆಂಡತಿ ಶಾಂತಕುಮಾರಿಯ ಅಣ್ಣನ ಮಗಳು ಪ್ರೇಕ್ಷಾ ಹಾಸನದಿಂದ ಹೊಸ ಡಿಸ್ಕ್ ತಂದು ಕೂರಿಸಿದಳು. ಆಪರೇಟಿಂಗ್ ಸಿಸ್ಟಮ್ ಹಾಕಲು ಹೋದರೆ, ಯಾವ ಡಿಸ್ಕೂ ಸಿಗುತ್ತಿಲ್ಲವೆಂದು ಪರದೆಯ ಮೇಲೆ ಬಂತು. ಬಿಚ್ಚಿ ಮತ್ತೆ ಕೂರಿಸಿದರೂ ಅದೇ ಕತೆ. ಪಾಲಾಕ್ಷರ ಕಣ್ಣು ತುಂಬಿತು.

"ಅಳ್ಬ್ಯಾಡಿ ಕಣ್ರೀ, ಪ್ರೇಕ್ಷಾ ನೋಡ್ತಾವ್ಳೆ," ಎಂದು ಶಾಂತಕುಮಾರಿ ಸೆರಗಿನಿಂದ ಒರೆಸಿದರು.

ಪ್ರೇಕ್ಷಾ ಕಂಪ್ಯೂಟರು ಶುರುವಾಗುವಾಗಲೇ ಸಿಗುವ ಅದರ ಒಳ ಸೆಟ್ಟಿಂಗ್ಸ್ ತೆರೆದಳು. ಅಲ್ಲಿ ಡಿಸ್ಕಿನ ಹೆಸರಿತ್ತು.

"ಅತ್ತೆ, ಡಿಸ್ಕ್ ಚೆನ್ನಾಗೇ ಐತೆ. ಇನ್‌ಸ್ಟಾಲ್ ಮಾಡೋ ಪ್ರೋಗ್ರಾಮ್‌ಗೆ ಇದನ್ನ ಗುರುತಿಸೋ ಡ್ರೈವರ್ ಅನ್ನೋ ಸಣ್ಣ ಫೈಲ್ ಇಲ್ಲ, ಅಷ್ಟೇಯ!"

ತನ್ನ ಲ್ಯಾಪ್‌ಟಾಪಿನಿಂದ ಆ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಅದನ್ನು ಕಂಪ್ಯೂಟರಿಗೆ ಚುಚ್ಚಿ ಕೊಟ್ಟೊಡನೆ ಡಿಸ್ಕ್ ಕಾಣಿಸಿತು.

ಸಂಜೆಯ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಪಾಲಾಕ್ಷ ಒಂದೊಂದೇ ಅಕ್ಷರ ಒತ್ತಿದರು.

"ಶಾಂತಾ, ಬೆಳಿಗ್ಗೆಯಿಂದ ನೀನು ಏನೂ ತಿಂದಿಲ್ಲ," ಎಂದಿತು ಕಂಪ್ಯೂಟರು.

ಶಾಂತಕುಮಾರಿ ನಗುತ್ತಲೇ ಅತ್ತರು. "ತಿಂತೀನಿ ಬುಡಿ. ನೀವೂ ಬನ್ನಿ," ಎಂದು ಗಂಡನ ಕೈ ಹಿಡಿದು ಎಬ್ಬಿಸಿದರು.