ಟ್ರೆವರ್ ತರುವ ಮೀನು

"ಬುಟ್ಟಿ ಎಲ್ಲುಂಟು?" ಮಡಚುವ ಸ್ಟೂಲಿನ ಮೇಲೆ ಕುಳಿತುಕೊಳ್ಳುತ್ತಲೇ ಕ್ರಿಸ್ಟೀನ್ ಮಾವ್ಶಿ ಕೇಳಿದರು. "ಹಿಡಿದದ್ದನ್ನು ಹಾಕಲಿಕ್ಕೆ ಒಂದು ಬುಟ್ಟಿಯೂ ತರಲಿಲ್ಲವಾ ನೀವು?"

ಶೈನಿ ಕೇಳಿಸದವಳಂತೆ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು. ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ ಲಂಡನ್ನಿನ ಅಂಚಿನ ಕೋಲ್ನ್ ನದಿಯ ದಡದ ಹುಲ್ಲು ಕಾಲಡಿಯಲ್ಲಿ ಕರಕರ ಎನ್ನುತ್ತಿತ್ತು. ಅವಳ ಗಂಡ ಟ್ರೆವರ್ ಉದ್ದನೆಯ ರಬ್ಬರ್ ಬೂಟು ತೊಟ್ಟು ಮೊಣಕಾಲುದ್ದದ ನೀರಿನಲ್ಲಿ ಗಾಳದ ಕೋಲು ಹಿಡಿದು ನಿಂತಿದ್ದ.

"ಇರಲಿ, ನನ್ನ ಹತ್ತಿರ ಚೀಲ ಉಂಟು." ಮಾವ್ಶಿ ಕೋಟಿನ ಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ಕೊಡವಿದರು. "ಮಸಾಲೆಯೂ ಅರೆದಿಟ್ಟೇ ಬಂದಿದ್ದೇನೆ."

ಮಾವ್ಶಿ ಶೈನಿಯ ಅಮ್ಮನ ಅಕ್ಕ. ಕಲ್ಯಾಣಪುರದಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಟೂಟಿಂಗ್‌ನಲ್ಲಿದ್ದ ಮಗಳ ಬಾಣಂತನ ಮುಗಿಸಿ ಸೋಮವಾರ ಊರಿಗೆ ಹೊರಟಿದ್ದರು. ಹೊರಡುವ ಮುಂಚೆ ತನ್ನ ಅಳಿಯ ಮೀನು ಹಿಡಿಯುವುದನ್ನು ಕಣ್ಣಾರೆ ನೋಡಿ ಬಾ ಎಂದು ಶೈನಿಯ ಅಮ್ಮ ಫೋನಿನಲ್ಲಿ ಹೇಳಿದ್ದಳಂತೆ.

ತಪ್ಪು ಶೈನಿಯದೇ. ಮದುವೆಯ ಮಾರನೆಯ ದಿನದ ಊಟದಲ್ಲಿ ಟ್ರೆವರ್ ಮುಳ್ಳು ಬಿಡಿಸಲು ಬಾರದೆ ಬಂಗುಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದಿದ್ದ. "ಲಂಡನ್ನಿನಲ್ಲಿ ಬೆಳೆದವ. ಇವನಿಂದ ಎಂತ ಆದೀತು?" ಎಂದು ಅಮ್ಮ ಅಡುಗೆಮನೆಯಲ್ಲಿ ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ನಾಲ್ಕು ಜನರೆದುರು ಬಾಯಿ ಬಿಡದ ಹುಡುಗಿ ಅವಳು. ಊರಿಗೆ ಮಾತಾಡುವ ಫೋನ್ ಕಾರ್ಡ್ ಕೈಗೆ ಬಂದರೆ ಮಾತ್ರ ಬೇರೆಯವಳೇ ಆಗುತ್ತಿದ್ದಳು. ಬೇಸಿಗೆಯಲ್ಲಿ ಟ್ರೆವರ್ ಗಾಳ ಹಾಕುವವರ ಕ್ಲಬ್ಬು ಸೇರಿದಾಗ, "ಅವರು ಶನಿವಾರ ಶನಿವಾರ ಹೊಳೆಮೀನು ತರುತ್ತಾರೆ" ಎಂದುಬಿಟ್ಟಳು. ಅಮ್ಮನ ದನಿ ಅರಳಿತು. ಅಂದಿನಿಂದ ವಾರಕ್ಕೊಂದು ಮೀನು, ವಾರಕ್ಕೊಂದು ಬಗೆಯ ಸಾರು. ಹೇಸ್‌ನ ಬಾಡಿಗೆ ಮನೆಯಲ್ಲಿ ಫ್ರೀಜರಿನ ಮೀನಿನ ತುಂಡು ಬೇಯಿಸುತ್ತಲೇ ಅವಳು ಹೊಳೆಮೀನಿನ ರುಚಿ ವರ್ಣಿಸುತ್ತಿದ್ದಳು.

ಆ ಕ್ಲಬ್ಬಿನಲ್ಲಿ ಹಿಡಿದ ಮೀನನ್ನೆಲ್ಲ ನೀರಿಗೇ ಬಿಡಬೇಕಿತ್ತು. ಇಡೀ ದಿನ ನೀರಿನಲ್ಲಿ ನಿಂತು, ಸಿಕ್ಕಿದ್ದನ್ನು ಬಿಟ್ಟು, ಬರಿಗೈಯಲ್ಲಿ ಶಿಳ್ಳೆ ಹಾಕುತ್ತ ಮನೆಗೆ ಬರುವ ಗಂಡಸನ್ನು ಅಮ್ಮನಿಗೆ ಹೇಗೆ ಅರ್ಥ ಮಾಡಿಸುವುದು? ಈ ಸುಳ್ಳಿನ ಸುದ್ದಿ ಟ್ರೆವರ್‌ಗೂ ಗೊತ್ತಿರಲಿಲ್ಲ.

"ಎರೆಹುಳ ಎಲ್ಲಿ ಮಾರಾಯ?" ಮಾವ್ಶಿ ದಡದಿಂದ ಕೂಗಿದರು.

"ಹುಳ ಇಲ್ಲ ಮಾವ್ಶಿ. ಓನ್ಲಿ ಗರಿ." ಟ್ರೆವರ್ ಕೊಕ್ಕೆಯನ್ನು ಎತ್ತಿ ತೋರಿಸಿದ. ಹಕ್ಕಿಯ ಗರಿ ಸುತ್ತಿ, ಹುಳುವಿನಂತೆ ಕಾಣಲೆಂದು ಮಾಡಿದ ಕೊಕ್ಕೆ.

"ಒಂದು ತುತ್ತೂ ಕೊಡದೆ ಗರಿ ತೋರಿಸಿ ಕರೆಯುವುದಾ? ಶುದ್ಧ ಮೋಸ!"

ಟ್ರೆವರ್ ನಕ್ಕ. ದಾರ ಹಾಯುವ, ಕೋಲಿನ ಸಣ್ಣ ಬಳೆಗಳಲ್ಲಿ ಮಂಜು ಕಟ್ಟಿ ಅದು ಸಿಕ್ಕಿಕೊಳ್ಳುತ್ತಿತ್ತು. ಆಗಾಗ ಕೋಲನ್ನು ನೀರಿಗೆ ಅದ್ದಿ ಕರಗಿಸಿ ಮತ್ತೆ ಬೀಸುತ್ತಿದ್ದ. ದಾರ ಅವನ ತಲೆಯ ಮೇಲೆ ನಿಧಾನವಾಗಿ ಬಿಚ್ಚಿಕೊಂಡು ಸದ್ದಿಲ್ಲದೆ ನೀರಿಗಿಳಿಯುವುದನ್ನು ನೋಡುವಾಗ ಶೈನಿಗೆ ಒಳಗೆಲ್ಲ ಹಗುರಾಗುತ್ತಿತ್ತು. ಈ ದೇಶದಲ್ಲಿ ಯಾರೂ ಅವಳನ್ನು ಮಾತಾಡು ಎಂದು ಒತ್ತಾಯಿಸದ ಜಾಗ ಇದೊಂದೇ. ಇವತ್ತು ಮಾತ್ರ ಒಂದು ಮೀನೂ ಸಿಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಕೋಲು ಬಾಗಿತು.

"ಶೈನಿ, ನೆಟ್!"

ಅವಳು ಓಡಿ ದಡದಲ್ಲಿ ಮಂಡಿಯೂರಿ ಬಲೆ ಚಾಚಿದಳು. ಹಿತ್ತಾಳೆ ಬಣ್ಣದ, ದಪ್ಪ ತುಟಿಯ ಮೀನೊಂದು ಹೊರಳಿ ಬಂದು ಬಲೆಯಲ್ಲಿ ಭಾರವಾಯಿತು. ಟ್ರೆವರ್ ಕೊಕ್ಕೆ ಬಿಡಿಸಿ, ಮೀನನ್ನು ನೀರೊಳಗೇ ಎರಡೂ ಕೈಯಲ್ಲಿ ಆನಿಸಿ ಹಿಡಿದ. ಹಿಂದೆ ಚೀಲದ ಸದ್ದಾಯಿತು. ಮಾವ್ಶಿ ಅದರ ಬಾಯಿ ಅಗಲಿಸಿಕೊಂಡು ಇಳಿದು ಬರುತ್ತಿದ್ದರು. "ಹಾಕು, ಹಾಕು! ಜಾರೀತು!"

"ಬೇಡ ಮಾವ್ಶಿ!" ತನ್ನ ದನಿ ಶೈನಿಗೇ ಅಪರಿಚಿತವೆನಿಸಿತು. ಆಚೆ ದಡದ ಬಾತುಕೋಳಿಗಳು ಸರಕ್ಕನೆ ದೂರ ಸರಿದವು. "ಇಲ್ಲಿ ಹಿಡಿದದ್ದನ್ನು ಬಿಡಬೇಕು. ಅವರು ಒಂದು ಮೀನೂ ಮನೆಗೆ ತಂದದ್ದಿಲ್ಲ. ಅಮ್ಮನಿಗೆ ಹೇಳಿದ್ದೆಲ್ಲ ನಾನೇ ಕಟ್ಟಿ ಹೇಳಿದ್ದು."

ಟ್ರೆವರ್ ಬಗ್ಗಿದ್ದಲ್ಲೇ ತಲೆ ಎತ್ತಿದ. "ವೆಯ್ಟ್. ನಾನು ಮೀನು ತರ್ತೇನೆ ಅಂತ ಹೇಳಿದ್ದೀಯಾ?"

"ಹೂಂ. ವಾರ ವಾರ."

ಅವನು ಕೈಯಲ್ಲಿದ್ದ ಮೀನನ್ನೊಮ್ಮೆ ನೋಡಿದ. "ನೀನು ಹೇಳಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಎಷ್ಟು ದೊಡ್ಡದು?"

ಶೈನಿ ಬಲೆಯನ್ನು ಕೆಳಗಿಟ್ಟು ಎರಡು ಕೈ ಅಗಲಿಸಿ ತೋರಿಸಿದಳು.

"ಅಷ್ಟೇನಾ?" ಎಂದ ಟ್ರೆವರ್, ನಿಜಕ್ಕೂ ನೊಂದವನಂತೆ.

ನಗು ತಡೆಯಲು ಹೋಗಿ ಮಾವ್ಶಿಗೆ ಕೆಮ್ಮು ಬಂತು. ಕಣ್ಣೊರೆಸಿಕೊಂಡು ಮೀನಿನತ್ತ ಬಗ್ಗಿ ನೋಡಿದರು. "ಇದಾ? ಇದರಲ್ಲಿ ಮುಳ್ಳು ಬಿಟ್ಟರೆ ಎಂತದೂ ಇದ್ದ ಹಾಗಿಲ್ಲ. ನನ್ನ ಮಸಾಲೆಗೆ ಟೂಟಿಂಗ್‌ನ ಅಂಗಡಿಯ ಬಂಗುಡೆಯೇ ಆದೀತು." ಚೀಲವನ್ನು ಮಡಚಿ ಜೇಬಿಗೆ ತುರುಕಿದರು. "ಅಳಿಯ ಮೀನು ಹಿಡಿದದ್ದನ್ನು ಕಣ್ಣಾರೆ ಕಂಡೆ ಅಂತ ನಿನ್ನ ಅಮ್ಮನಿಗೆ ಹೇಳ್ತೇನೆ. ಅದರಲ್ಲಿ ಸುಳ್ಳು ಎಂತ ಉಂಟು?"

"ಬಿಟ್ಟದ್ದನ್ನೂ ಹೇಳಿ," ಎಂದಳು ಶೈನಿ.

"ಅದನ್ನು ನೀನೇ ಹೇಳು ಮಾರಾಯ್ತಿ. ನಾನು ಹೇಳಿದರೆ ನನಗೇ ತಲೆ ಕೆಟ್ಟಿದೆ ಅಂದಾಳು."

"ಹೇಳ್ತೇನೆ. ಇವತ್ತೇ."

ಟ್ರೆವರ್ ಹಿಡಿತ ಸಡಿಲಿಸಿದ್ದರೂ ಮೀನು ಹೋಗಿರಲಿಲ್ಲ.

"ಯಾಕೆ ಹೋಗುವುದಿಲ್ಲ ಅದು?" ಮಾವ್ಶಿ ಪಿಸುಗುಟ್ಟಿದರು.

"ಸುಸ್ತಾಗಿದೆ. ಸ್ವಲ್ಪ ಟೈಮ್ ಕೊಡಿ."

ಶೈನಿ ಗ್ಲೌಸು ಕಳಚಿ, ನೀರಿಗೆ ಕೈಯಿಳಿಸಿ, ಅವನ ಅಂಗೈಗಳ ಪಕ್ಕದಲ್ಲಿ ಮೀನಿನ ಹೊಟ್ಟೆಗೆ ಆಸರೆಯಿಟ್ಟಳು. ಚಳಿ ಮೂಳೆಗಿಳಿಯಿತು. ಮಾವ್ಶಿ ಅವಳ ಭುಜ ಹಿಡಿದು ಬಗ್ಗಿದರು. ಮೂವರ ಉಸಿರಿನ ಹಬೆ ನೀರಿನ ಮೇಲೆ ಒಂದಾಗಿ ತೇಲುತ್ತಿತ್ತು. ಮೀನಿನ ಕಿವಿರು ಅವಳ ಬೆರಳಿಗೆ ತಾಗಿ ತೆರೆದುಕೊಂಡಿತು, ಮುಚ್ಚಿಕೊಂಡಿತು, ಮತ್ತೆ ತೆರೆದುಕೊಂಡಿತು.