ಒಳಗಿನ ಚಿಲಕ

"ಮೂಗಿ ಮುಂಡೆಗೆ ನಾಲಿಗೆ ಯಾವಾಗ ಬಂತೇ?" ಗಂಗುಲಪ್ಪ ಮೇಜು ಗುದ್ದಿದ. "ಹುಟ್ಟಿದಾಗ್ಲಿಂದ ಒಂದು ಮಾತೂ ಆಡ್ದೇ ಇದ್ದೋಳು, ನಿನ್ನ ಕಿವೀಲಿ ಬಂದು ಊದಿದ್ಳಾ?"

ಹಾಸ್ಟೆಲ್ಲಿನ ಮಕ್ಕಳಿಗೆ ಮುದ್ದೆ ತಿರುವುತ್ತಿದ್ದ ಮುನಿಯಲ್ಲಮ್ಮನನ್ನು ಇದ್ದ ಹಾಗೇ ಕರೆಸಿದ್ದರು. ಮೊಣಕೈವರೆಗೆ ಮೆತ್ತಿದ್ದ ರಾಗಿಹಿಟ್ಟು ಒಣಗಿ ಬಿರಿಯುತ್ತಿತ್ತು. ಚರ್ಚಿನ ಹಿಂದಿನ ಆ ಕೋಣೆಯಲ್ಲಿ ಮೂರು ಕುರ್ಚಿ. ನಡುವೆ ಸಭಾಪಾಲಕರಾದ ಅಯ್ಯನವರು. ಬಲಗಡೆ ಸಭೆಯ ಹಿರಿಯ ಗಂಗುಲಪ್ಪ. ಅವಳ ಸತ್ತ ಗಂಡನ ಅಣ್ಣ. ಎಡಗಡೆ ಹಾಸ್ಟೆಲ್ ವಾರ್ಡನ್ ಕದಿರೇಶ ಮೇಷ್ಟ್ರು. ಅವಳು ದೂರು ಹೇಳಿದ್ದು ಈ ಕದಿರೇಶನ ಮೇಲೆಯೇ. ಅವನಿಗೂ ಕುರ್ಚಿ ಹಾಕಿದ್ದರು.

"ನಾನು ಸಾಕಿದ ಕೂಸು ಬಾವ. ಅವ್ಳು ಕೈಯಾಗೆ ಹೇಳಿದ್ದು ನಂಗೆ ತಿಳೀತದೆ."

"ಏನಂದ್ಳು ಕೈಯಾಗೆ? ಹೇಳು, ಕೇಳಾನ."

ತಂಗಿ ಆಂಜಿನಮ್ಮ ಮಾಡಿ ತೋರಿಸಿದಂತೆಯೇ ಮುನಿಯಲ್ಲಮ್ಮ ಹೆಬ್ಬೆರಳು ತೋರುಬೆರಳು ಕೂಡಿಸಿ, ಎರಡು ಬಳೆ ಮಾಡಿ, ಕಣ್ಣಿಗೆ ಹಿಡಿದಳು. ಆಮೇಲೆ ಅಂಗೈಯಿಂದ ತನ್ನ ಬಾಯಿ ಒತ್ತಿ ಮುಚ್ಚಿಕೊಂಡಳು. ಆ ಕೋಣೆಯಲ್ಲಿ ಕನ್ನಡಕವಿದ್ದದ್ದು ಒಂದೇ ಮುಖದ ಮೇಲೆ.

"ಗೂಬೆ ಕಂಡು ಹೆದರ್ಕೊಂಡಿರ್ತಾಳೆ ಬಿಡಮ್ಮಾ," ಕದಿರೇಶ ನಕ್ಕ. "ಹಾಸ್ಟೆಲ್ ಹಿಂದಿನ ಹುಣಸೆಮರದಲ್ಲಿ ಬೇಜಾನ್ ಅವೆ."

ಗಂಗುಲಪ್ಪನೂ ನಕ್ಕ. ನಕ್ಕು ಮುಗಿಸಿ ಸಿಡುಕಿದ. "ಗಂಡು ದಿಕ್ಕಿಲ್ದ ಮನೆ. ಯಾವನ ಹಿಂದೆ ಹೋಗಿದ್ಳೋ, ತಂದು ಮೇಷ್ಟ್ರ ತಲೆಗೆ ಕಟ್ತಾವ್ಳೆ. ನೋರು ಮುಯ್ಯವೇ, ಮುಚ್ಚೇ ಬಾಯಿ! ನಿನ್ ಗುಡಿಸ್ಲು ಯಾರ ಜಾಗದಾಗೈತೆ ನೆಪ್ಪೈತಾ? ಮಿಷನ್ ಜಾಗ. ಒಂದು ದಿನದಾಗೆ ಕಿತ್ತಾಕಿಸ್ತೀನಿ."

ಬಾವ ತನ್ನ ಪರ ಒಂದು ಮಾತಾದರೂ ಆಡುತ್ತಾನೆ ಎಂದುಕೊಂಡು ಬಂದಿದ್ದಳು. ಅವಳ ಕೈ ತಾನಾಗಿ ರವಿಕೆಯ ಒಳಗಿದ್ದ ಕಾಗದಕ್ಕೆ ಹೋಯಿತು.

"ಕೀಳ್ಸು ಬಾವ. ನಾನು ನಾಳೆ ಮಾಲೂರಿಗೆ ಹೋಗ್ತೀನಿ, ಸ್ಟೇಷನ್ನಿಗೆ. ಡಾಕ್ಟರಮ್ಮ ಅವ್ಳನ್ನ ನೋಡಿ ಬರ್ದುಕೊಟ್ಟಿರೋ ಚೀಟಿ ನನ್ತಾವ ಐತೆ."

ಕದಿರೇಶನ ಕಾಲು ಕುಣಿಯುವುದು ನಿಂತಿತು. ಅಯ್ಯನವರು ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆಳೆದರು.

"ಎಸ್ತೇರಮ್ಮಾ, ಕೂತ್ಕೋ."

ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು. ಇಡೀ ಕಾಂಪೌಂಡಿನಲ್ಲಿ ಆ ಹೆಸರು ಹಿಡಿದು ಕರೆಯುವವರು ಅವರೊಬ್ಬರೇ. ಉಳಿದವರಿಗೆ ಅವಳು ಇಂದಿಗೂ ಹೊಲಗೇರಿಯ ಮುನಿಯಲ್ಲಿ. ಎಸ್ತೇರಮ್ಮ ಎಂದಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು, ಈಗಲೂ ಆಯಿತು.

"ಸಭೆ ಅಂದ್ರೆ ಮನೆ ಕಣಮ್ಮ. ಮನೆ ಮಾತು ಪೊಲೀಸರ ಬಾಯಿಗೆ ಹಾಕ್ತೀಯಾ? ಆ ಮಗೂನ ಬೆಂಚಿನ ಮೇಲೆ ಕೂರಿಸಿ ಏನೇನು ಕೇಳ್ತಾರೆ ಗೊತ್ತಾ? ಊರ ಗೌಡರು ನಗೋದಕ್ಕೆ ಕಾಯ್ತಾ ಇದ್ದಾರೆ. ಸುಗ್ಗಿ ಹಬ್ಬ ಒಂದು ಆಗಲಿ. ಆಮೇಲೆ ಕದಿರೇಶ ಈ ಹಾಸ್ಟೆಲ್ಲಿನಲ್ಲಿ ಇರೋಲ್ಲ." ಬೈಬಲ್ಲಿನ ಮೇಲೆ ಕೈ ಇಟ್ಟರು. "ಆ ಚೀಟಿ ಕೊಡು. ಮೇಲಿನವರಿಗೆ ಬರೆಯೋದಕ್ಕೆ ಬೇಕು."

ಗಂಡನನ್ನು ಹೂಳುವಾಗ ಮೊದಲ ಹಿಡಿ ಮಣ್ಣು ಹಾಕಿದ ಕೈ ಅದು. ಹಿಂದುಮುಂದು ನೋಡದೆ ಕೊಟ್ಟಳು.

ಆಂಜಿನಮ್ಮನಿಗೆ ಇಪ್ಪತ್ಮೂರು ವರ್ಷ. ಬುದ್ಧಿ ಏಳೆಂಟು ವರ್ಷದ ಮಗುವಿನದು. ಹಾಸ್ಟೆಲ್ಲಿನಲ್ಲಿ ಚಿಕ್ಕ ಹುಡುಗಿಯರ ಜೊತೆ ಮಲಗುವುದು, ಬೆಳಗಾದರೆ ಅವರ ತಲೆ ಬಾಚುವುದು ಅವಳ ಕೆಲಸ. ಅವತ್ತೇ ಸಾಯಂಕಾಲ ಮುನಿಯಲ್ಲಮ್ಮ ಅವಳ ಬಟ್ಟೆಗಂಟನ್ನು ಗುಡಿಸಲಿಗೆ ತಂದು ಬಿಚ್ಚಿದಾಗ ಸೀರೆಯ ಮಡಿಕೆಯಿಂದ ಒಂದು ಕಬ್ಬಿಣದ ಚಿಲಕ ಬಿತ್ತು. ಜೊತೆಗೆ ಮೂರು ತಿರುಪು ಮೊಳೆ.

"ಇದೇನೇ ಆಂಜೀ?"

ಆಂಜಿನಮ್ಮ ಕಣ್ಣಿಗೆ ಎರಡು ಬಳೆ ಹಿಡಿದಳು. ತಿರುಪು ಬಿಚ್ಚುವಂತೆ ಮಣಿಕಟ್ಟು ತಿರುಗಿಸಿದಳು. ದೂರ ಎಸೆದಂತೆ ಕೈ ಬೀಸಿದಳು. ಕಸದ ಗುಂಡಿ ಕೆದಕಿದಂತೆ ಮಾಡಿ, ಚಿಲಕವನ್ನು ಎದೆಗೆ ಅವುಚಿಕೊಂಡಳು. ಆಮೇಲೆ ಬೆರಳು ಮುಂದೆ ಚಾಚಿದಳು. ತುದಿಗಳೆಲ್ಲ ಸುಲಿದು ಕಪ್ಪಗಟ್ಟಿದ್ದವು.

ಬೆಳಿಗ್ಗೆ ಮುನಿಯಲ್ಲಮ್ಮ ಹುಡುಗಿಯರು ಮಲಗುವ ಕೋಣೆಗೆ ಹೋಗಿ ಬಾಗಿಲು ನೋಡಿದಳು. ಹೊರಗಡೆಯ ಚಿಲಕ ಎಣ್ಣೆ ಹಾಕಿದಂತೆ ಸಲೀಸಾಗಿ ಸರಿಯುತ್ತಿತ್ತು. ಒಳಗಡೆ ಬರೀ ನಾಲ್ಕು ತೂತು. ಸುತ್ತ ಉಗುರಿನ ಗೀರು. ತಂಗಿ ಬರಿಗೈಯಲ್ಲಿ ಆ ಮೊಳೆಗಳನ್ನು ಮತ್ತೆ ಕೂರಿಸಲು ನೋಡಿದ್ದಳು.

ಅಯ್ಯನವರಿಗೆ ಹೇಳಿದಳು. "ಬಡಗಿ ಬರ್ತಾನೆ ಎಸ್ತೇರಮ್ಮ. ಹಬ್ಬದ ದಿನ ಅವನ ಕೈಗೇ ಕೊಡು," ಎಂದರು.

ಮೂರು ವಾರ ಅವಳು ಆ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗಿದಳು.

ಸುಗ್ಗಿ ಹಬ್ಬದ ದಿನ ಸಭೆಯವರು ಮೊದಲ ಬೆಳೆಯನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಡುತ್ತಾರೆ. ಆರಾಧನೆ ಮುಗಿದ ಮೇಲೆ ಒಂದೊಂದೇ ಗಂಟನ್ನು ಎಲ್ಲರೆದುರು ಬಿಚ್ಚಿ, ಎತ್ತಿ ತೋರಿಸಿ, ಹರಾಜು ಕೂಗುವುದು ವಾಡಿಕೆ. ಕೂಗುವ ಗಂಟಲು ಕದಿರೇಶನದು. ಆ ವರ್ಷವೂ ಬಿಳಿ ಜುಬ್ಬ ತೊಟ್ಟು ಅವನೇ ಮೇಜಿನ ಪಕ್ಕ ನಿಂತಿದ್ದ. ಮುನಿಯಲ್ಲಮ್ಮ ಸುಮ್ಮನಿದ್ದಳು. ಹಬ್ಬ ಆಗಲಿ ಎಂದಿದ್ದರಲ್ಲ. ಮಡಿಲಲ್ಲಿ ರಾಗಿ ಗಂಟು. ಸೊಂಟದಲ್ಲಿ ಬಡಗಿಗೆ ಕೊಡಬೇಕಾದ ಚಿಲಕ.

ಅಯ್ಯನವರು ಎದ್ದರು. "ಸಭೆಗೆ ಒಂದು ಸಂತೋಷದ ಸುದ್ದಿ. ನಮ್ಮ ಕದಿರೇಶ ಮೇಷ್ಟ್ರನ್ನ ಮೇಲಿನವರು ಮುಳಬಾಗಿಲು ಕಡೆಯ ದೊಡ್ಡ ಹಾಸ್ಟೆಲ್ಲಿಗೆ ವಾರ್ಡನ್ ಮಾಡಿ ಕಳಿಸ್ತಾ ಇದ್ದಾರೆ. ಎಪ್ಪತ್ತು ಹೆಣ್ಣುಮಕ್ಕಳ ಜವಾಬ್ದಾರಿ. ಅವರಿಗೋಸ್ಕರ ಪ್ರಾರ್ಥಿಸೋಣ."

ಎಲ್ಲರೂ ತಲೆ ಬಗ್ಗಿಸಿದರು.

ಈ ಹಾಸ್ಟೆಲ್ಲಿನಲ್ಲಿ ಇರೋಲ್ಲ ಅಂದಿದ್ದರು. ಇರುವುದಿಲ್ಲ. ಅಯ್ಯನವರು ಮಾತಿಗೆ ತಪ್ಪಿರಲಿಲ್ಲ.

ಮುನಿಯಲ್ಲಮ್ಮ ಕಣ್ಣು ಮುಚ್ಚಲಿಲ್ಲ. ಇಡೀ ಸಭೆ ಕಣ್ಣು ಮುಚ್ಚಿಕೊಂಡು ಕುಳಿತಿರುವಾಗ ಮಡಿಲ ಗಂಟು ಬಿಚ್ಚಿ, ಚಿಲಕವನ್ನು ರಾಗಿಯೊಳಗೆ ತುರುಕಿ, ಮತ್ತೆ ಬಿಗಿದು ಕಟ್ಟಿದಳು. ಆಮೆನ್ ಎಂದ ಮೇಲೆ ಹೋಗಿ ಮೇಜಿನ ಮೇಲಿಟ್ಟು ಬಂದಳು.

ಕುಂಬಳಕಾಯಿ ಹೋಯಿತು. ಅವರೆಕಾಯಿ ಹೋಯಿತು. ಒಂದು ಹುಂಜ ಕೂಗಿಕೊಂಡೇ ಹೋಯಿತು. ಜನ ನಗುತ್ತಿದ್ದರು.

"ಇಗೋ, ನಮ್ಮ ಮುದ್ದೆ ಮುನಿಯಲ್ಲಮ್ಮನ ರಾಗಿ!" ಕದಿರೇಶ ಗಂಟು ಬಿಚ್ಚಿ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಎತ್ತಿದ ಹಿಡಿಯಲ್ಲಿ ರಾಗಿ ಸೋರಿ ಚಿಲಕ ಉಳಿಯಿತು. ತಟ್ಟನೆ ಕೈ ಇಳಿಸಿದ. "ಏನೋ ಕಬ್ಬಿಣ ಸೇರ್ಕೊಂಡದೆ. ರಾಗಿ ಎರಡು ಸೇರು, ಯಾರು—"

"ಕೈಯಾಗಿರೋದನ್ನ ಎತ್ತಿ ತೋರ್ಸಿ ಮೇಷ್ಟ್ರೇ." ಅವಳು ಎದ್ದು ನಿಂತಿದ್ದಳು. "ಅದನ್ನೂ ಕೂಗಿ. ಹುಡುಗೀರ ಕೋಣೆ ಬಾಗಿಲಿಂದು. ಒಳಗಡೇದು. ನೀವೇ ಬಿಚ್ಚಿದ್ದು."

"ಕೂತ್ಕೊಳ್ಳೇ ಲೌಡಿ!" ಗಂಗುಲಪ್ಪ ಗಂಡಸರ ಕಡೆಯಿಂದ ಅರಚಿದ. "ದೇವ್ರ ಮನೆ ಇದು!"

"ದೇವ್ರ ಮನೆ ಅಂತ್ಲೇ ತಂದಿದ್ದು ಬಾವ."

"ಎಸ್ತೇರಮ್ಮಾ..." ಅಯ್ಯನವರ ದನಿ ಮೆತ್ತಗಿತ್ತು.

"ಮುನಿಯಲ್ಲಿ ಅನ್ನಿ ಸ್ವಾಮಿ. ಎಸ್ತೇರಮ್ಮ ಅಂದಾಗ್ಲೇ ನಾನು ಕೆಟ್ಟಿದ್ದು. ಎಲ್ಲಿ ನನ್ನ ಚೀಟಿ?"

ಅಯ್ಯನವರು ಹಾರ್ಮೋನಿಯಂ ಕಡೆ ನೋಡಿದರು. ಹಾರ್ಮೋನಿಯಂ ಶುರುವಾಯಿತು. ನಾಲ್ಕೈದು ಜನ ಬಾಯಿ ತೆರೆದರು, ಹಾಡು ಬರಲಿಲ್ಲ.

ಅಷ್ಟರಲ್ಲಿ ಹೆಂಗಸರ ನಡುವೆ ಕುಳಿತಿದ್ದ ಆಂಜಿನಮ್ಮ ಎದ್ದಳು. ಕದಿರೇಶನ ಕೈಯಲ್ಲಿ ತನ್ನ ಚಿಲಕ ಕಂಡಿದ್ದಳು. ಮೇಜಿನವರೆಗೆ ನಡೆದು ಹೋಗಿ ಅದನ್ನು ಕಿತ್ತುಕೊಂಡು ಸೆರಗಿಗೆ ಹಾಕಿಕೊಂಡಳು. ಸಭೆಯ ಕಡೆ ತಿರುಗಿದಳು. ಎರಡು ಬಳೆ ಮಾಡಿ ಕಣ್ಣಿಗೆ ಹಿಡಿದಳು.

ಮುಂದಿನ ಚಾಪೆಯ ಮೇಲೆ ಹಾಸ್ಟೆಲ್ಲಿನ ಹುಡುಗಿಯರು ಎಣ್ಣೆ ಹಚ್ಚಿ ಬಿಗಿದು ಬಾಚಿದ ಜಡೆ ಹಾಕಿಕೊಂಡು ಕುಳಿತಿದ್ದರು. ಕೊನೆಯಲ್ಲಿದ್ದ ಒಬ್ಬಳು ಕೀರ್ತನೆ ಪುಸ್ತಕವನ್ನು ತೊಡೆಯಿಂದ ಕೆಳಗಿಟ್ಟಳು. ಅವಳ ಎರಡೂ ಕೈ ನಿಧಾನವಾಗಿ ಮೇಲೆ ಬಂದು ಕಣ್ಣ ಸುತ್ತ ಬಳೆಯಾದವು. ಪಕ್ಕದವಳು ಅವಳನ್ನು ನೋಡಿದಳು. ಅವಳ ಕೈಗಳೂ ಎದ್ದವು. ಆಮೇಲೆ ಹಿಂದಿನ ಸಾಲಿನಲ್ಲಿ ಮತ್ತೊಬ್ಬಳು. ಅವಳ ಹಿಂದೆ ಇನ್ನಿಬ್ಬರು.

ಹಾರ್ಮೋನಿಯಂ ಅರ್ಧ ಸಾಲಿನಲ್ಲಿ ನಿಂತಿತು.

ಕದಿರೇಶ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಆ ಕೈಗಳು ಇಳಿಯಲಿಲ್ಲ.