ಹಗುರವಾದ ಬೂಟು

"ನಮ್ಮ ಯಜಮಾನ್ರಿಗೆ ಚಳೀಲಿ ಓಡೋಕೆ ಬಟ್ಟೆ ಬೇಕು," ಅಂತ ಅವಳು ಅಂದಾಗ ಅಂಗಡಿಯವನ ಮುಖ ಅರಳಿತು. ಪಕ್ಕದಲ್ಲಿ ನಿಂತ ಗಂಡ ಜೀವಮಾನವೆಲ್ಲ ಓಟ ಕಲಿಸಿದ ಕೋಚ್ ಅಂತ ಕೇಳಿ ಇನ್ನಷ್ಟು ಅರಳಿತು. ಅವರ ಮರೆವಿನ ಕಾಯಿಲೆಯ ಬಗ್ಗೆ ಅವಳು ತುಟಿಪಿಟಕ್ಕೆನ್ನಲಿಲ್ಲ. ಅಯ್ಯೋ ಪಾಪ ಅನ್ನಿಸಿಕೊಂಡು ಅನ್ನಿಸಿಕೊಂಡು ಸಾಕಾಗಿಹೋಗಿತ್ತು.

ಹೋದ ವಾರ ಬೆಳಗಿನ ಜಾವ ಚಿಲಕ ತೆಗೆದು, ಬರೀ ಬನಿಯನ್ನಿನಲ್ಲಿ ಓಡಿಹೋದವರು ಸೇತುವೆ ಹತ್ತಿರ ಸಿಕ್ಕಿದ್ದರು, ಬೆರಳೆಲ್ಲ ನೀಲಿಗಟ್ಟಿ. ಬೀಗ ಹಾಕಿದರೆ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಾರೆ. ಹಾಳಾದ ಓಟ ತಪ್ಪೋದಿಲ್ಲ ಅಂದಮೇಲೆ ಬೆಚ್ಚಗಾದರೂ ಓಡಲಿ. ಇನ್ನು ಓಟದ ಬಟ್ಟೆ ತೊಡಿಸಿಯೇ ಮಲಗಿಸುವುದು ಅಂತ ತೀರ್ಮಾನಿಸಿದ್ದಳು.

ಅವಳು ದಪ್ಪನೆಯ ಹತ್ತಿ ಅಂಗಿಯೊಂದನ್ನು ಎತ್ತಿಕೊಂಡಳು.

"ಹತ್ತಿ ಮುಟ್ಟಬೇಡಿ!" ಅವರು ಮೈದಾನದ ಹಳೇ ದನಿಯಲ್ಲಿ ಗದರಿದರು. "ಬೆವರು ಕುಡಿದು ಮೈಮೇಲೇ ತಣ್ಣಗಾಗುತ್ತೆ. ಒಳಗೆ ಬೇಗ ಒಣಗೋ ತೆಳು ಅಂಗಿ, ಮೇಲೆ ಗಾಳಿ ತಡೆಯೋ ಜಾಕೆಟ್ಟು. ಕಿವಿ ಮುಚ್ಚೋ ಟೋಪಿ. ಬೆನ್ನಮೇಲೆ ಹೊಳೆಯೋ ಪಟ್ಟಿ ಇರಲಿ, ಕತ್ತಲಲ್ಲಿ ಗಾಡಿಯವರಿಗೆ ಕಾಣಬೇಕು."

ಒಂದೂ ತಪ್ಪಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು.

ಬೂಟನ್ನು ಮಾತ್ರ ಬೇಕೆಂದೇ ಭಾರದ್ದು ಆರಿಸಿದಳು. ದಿನಾ ಹಿಂದೆ ಓಡಿ ಸವೆದ ಅವಳ ಮಂಡಿಗಳಿಗೆ ಅವರನ್ನು ಹಿಡಿಯಲು ಇನ್ನು ಅದೊಂದೇ ದಾರಿ.

ಅವರು ಬೂಟು ಹಾಕಿ ಎರಡು ಹೆಜ್ಜೆ ನಡೆದರು. ಆಮೇಲೆ ಅಂಗಡಿಯವನ ಕಿವಿಯ ಹತ್ತಿರ ಬಗ್ಗಿ, ಅವಳಿಗೂ ಕೇಳುವಷ್ಟು ಜೋರಾಗಿ ಪಿಸುಗುಟ್ಟಿದರು.

"ಇದು ಕಾಲಿಗೆ ಕಲ್ಲು ಕಟ್ಟಿದ ಹಾಗಿದೆ, ಹಗುರವಾದದ್ದು ಕೊಡಪ್ಪ. ಈಯಮ್ಮ ಯಾರೋ ಏನೋ, ದಿನಾ ಬೆಳಿಗ್ಗೆ ನನ್ನ ಅಟ್ಟಿಸ್ಕೊಂಡು ಬರ್ತಾಳೆ."